ಕೆಜಿಎಫ್, ಕರೆಂಟು, ಉಪ್ಪು: ನಮ್ಮೂರಿನ ಬ್ಯಾಟರಿ ಚರಿತ್ರೆ

ಭಾಗ 1/8: ರಾಕಿ ಭಾಯ್ ಬರಲ್ಲ

ಕೆಜಿಎಫ್ ಅಂದ ತಕ್ಷಣ ಎಲ್ರಿಗೂ ಸಿನಿಮಾ ನೆನಪಾಗುತ್ತೆ. ಮೊದಲೇ ಹೇಳ್ಬಿಡ್ತೀನಿ, ಈ ಸರಣಿಯಲ್ಲಿ ರಾಕಿ ಭಾಯ್ ಇಲ್ಲ. ಇದು ಬ್ಯಾಟರಿ ಕಥೆ.

ಈಗ ಎಲ್ಲಿ ನೋಡಿದ್ರೂ ಸೋಡಿಯಂ ಅಯಾನ್ ಬ್ಯಾಟರಿ ಮಾತು. ಎಲೆಕ್ಟ್ರಿಕ್ ಕಾರಿಗೆ, ಮನೆಯ ಸೋಲಾರ್‌ಗೆ, ಇನ್ವರ್ಟರ್‌ಗೆ ಲಿಥಿಯಂ ಬದಲು ಸೋಡಿಯಂ. ಅಂದ್ರೆ ನಾವು ಸಾರಿಗೆ ಹಾಕೋ ಉಪ್ಪಿನಲ್ಲಿ ಇರೋ ಅದೇ ಧಾತು. ಕ್ಲಾಸಲ್ಲಿ ಈ ವಿಷಯ ಬಂದಾಗ ಒಂದು ಪ್ರಶ್ನೆ ಎದ್ದಿತ್ತು: "ಇದಕ್ಕೂ ಕೋಲಾರ ಜಿಲ್ಲೆಗೂ ಏನು ಸಂಬಂಧ?"

ಸಂಬಂಧ ಇದೆ. ಒಂದಲ್ಲ, ಎರಡು.

ಒಂದು: ಕರೆಂಟನ್ನು ಹುಟ್ಟಿಸೋದು ಸುಲಭ, ಬೇಕಾದಾಗ ಸಿಗೋ ಹಾಗೆ ಕೂಡಿಡೋದು ಕಷ್ಟ. ಈ ಪಾಠವನ್ನು ಮೈಸೂರು ಸಂಸ್ಥಾನಕ್ಕೆ ಕಲಿಸಿದ್ದು ನಮ್ಮೂರಿನ ಗಣಿ. ಅದೂ ನೂರು ವರ್ಷಕ್ಕಿಂತ ಹಿಂದೆ.

ಎರಡು: ಸೋಡಿಯಂ ಅನ್ನೋ ಲೋಹ ಜಗತ್ತಿನಲ್ಲಿ ಒಂದು ಉದ್ಯಮವಾಗಿ ಉಳಿದಿದ್ದೇ ಚಿನ್ನದ ಗಣಿಗಳಿಂದ. ಊರಿಗೆ ಬಂದವರೆಲ್ಲ ಫೋಟೋ ತೆಗೆಯೋ ಸೈನೇಡ್ ದಿಬ್ಬಗಳಿವೆಯಲ್ಲ, ಆ ಕಥೆಯ ಒಂದು ತುದಿ ಅಲ್ಲೇ ಇದೆ.

ಈ ಎರಡು ಎಳೆ ಹಿಡ್ಕೊಂಡು ಎಂಟು ಪೋಸ್ಟ್ ಹಾಕ್ತೀನಿ. ಒಂದೊಂದೇ ಓದಿ, ಅರ್ಜೆಂಟ್ ಏನಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಹಿಸ್ಟರಿ ಮೂರೂ ಬರುತ್ತೆ, ಆದ್ರೆ ಪರೀಕ್ಷೆ ಇರಲ್ಲ.

ಭಾಗ 2/8: ಬೆಂಗಳೂರಿಗಿಂತ ಮೂರು ವರ್ಷ ಮೊದಲು

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಇಂಗ್ಲಿಷ್ ಕಂಪನಿ ಕೋಲಾರದ ಚಿನ್ನದ ಗಣಿಗಳ ಆಡಳಿತ ಹಿಡಿಯಿತು. ಗಣಿ ಆಳಕ್ಕೆ ಹೋದಷ್ಟೂ ಶಕ್ತಿ ಜಾಸ್ತಿ ಬೇಕು. ಅದಿರು ಮೇಲೆತ್ತೋಕೆ, ನೀರು ಪಂಪ್ ಮಾಡೋಕೆ, ಕೆಳಗೆ ಗಾಳಿ ಕಳಿಸೋಕೆ, ಬಂಡೆ ಪುಡಿ ಮಾಡೋಕೆ. ಆಗ ಎಲ್ಲದಕ್ಕೂ ಹಬೆ ಇಂಜಿನ್. ಅದಕ್ಕೆ ಕಲ್ಲಿದ್ದಲು, ಸೌದೆ. ನಮ್ಮಲ್ಲಿ ಕಲ್ಲಿದ್ದಲು ಸಿಗಲ್ಲ, ದೂರದಿಂದ ತರಬೇಕು. 1894ರಲ್ಲಿ ಬೌರಿಂಗ್‌ಪೇಟೆಯಿಂದ (ಅದೇ ನಮ್ಮ ಈಗಿನ ಬಂಗಾರಪೇಟೆ, ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನ ಊರು) ಮಾರಿಕುಪ್ಪಂಗೆ ರೈಲು ಹಾದಿ ಬಂತು. ಆದರೂ ಇಂಧನದ ಖರ್ಚು ಗಣಿಯ ಲಾಭ ತಿನ್ನುತ್ತಲೇ ಇತ್ತು.

ಪರಿಹಾರ ಬಂದಿದ್ದು ಕಾವೇರಿಯಿಂದ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಮುಂದಾಳತ್ವದಲ್ಲಿ, ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರದ ಕೆಲಸ ಶುರುವಾಯ್ತು. ಜನರೇಟರ್‌ಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. 1902ರ ಜೂನ್ 30ರಂದು ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೆಜಿಎಫ್‌ಗೆ ಕರೆಂಟು ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಲೈನ್‌ಗಳಲ್ಲಿ ಒಂದು. ಯೋಜನೆ ಕಟ್ಟಿಸಿದ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರ ಆಗಸ್ಟ್‌ನಲ್ಲಿ. ನಮಗಿಂತ ಮೂರು ವರ್ಷ ತಡ! ಹೆಮ್ಮೆ ಪಡೋಣ. ಆದ್ರೆ "ನಮಗೆ" ಅನ್ನೋ ಪದದ ಹತ್ರ ಒಂದು ಪ್ರಶ್ನೆ ಇಟ್ಕೊಂಡಿರಿ. ಅದಕ್ಕೆ ಏಳನೇ ಭಾಗದಲ್ಲಿ ಬರ್ತೀನಿ.

ಭಾಗ 3/8: ನಮ್ಮ ಮೊದಲ ಬ್ಯಾಟರಿ ಕನ್ನಂಬಾಡಿಯಲ್ಲಿದೆ

ಶಿವನಸಮುದ್ರದ ಕೇಂದ್ರಕ್ಕೆ ಒಂದು ದೊಡ್ಡ ಕೊರತೆ ಇತ್ತು. ಹೊಳೆ ಹರಿದಷ್ಟೇ ಕರೆಂಟು. ಮಳೆಗಾಲದಲ್ಲಿ ನೀರು ಧುಮ್ಮಿಕ್ಕುತ್ತೆ, ಅಷ್ಟೂ ಬಳಸೋಕೆ ಆಗಲ್ಲ. ಬೇಸಿಗೆ ಬಂದ್ರೆ ಕಾವೇರಿ ಸೊರಗುತ್ತೆ, ಟರ್ಬೈನ್‌ಗೆ ನೀರು ಸಾಲದು. ಆದ್ರೆ ಗಣಿಗೆ ಬೇಸಿಗೆ, ಮಳೆಗಾಲ ಅಂತ ಭೇದ ಇಲ್ಲ. ನೆಲದಡಿಯ ಪಂಪು ನಿಂತ್ರೆ ಗಣಿ ಮುಳುಗುತ್ತೆ.

ಇವತ್ತಿನ ಸೋಲಾರ್‌ದು ಇದೇ ಸಮಸ್ಯೆ ನೋಡಿ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಮಧ್ಯಾಹ್ನ ಬೇಕಾದಷ್ಟು ಕರೆಂಟು. ಸಂಜೆ ಏಳಕ್ಕೆ, ಎಲ್ಲರ ಮನೆಯಲ್ಲಿ ಲೈಟು, ಟಿವಿ, ಮಿಕ್ಸಿ ಶುರುವಾಗೋ ಹೊತ್ತಿಗೆ, ಸೂರ್ಯ ಇಲ್ಲ.

1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯನವರು ಇದಕ್ಕೆ ಕೊಟ್ಟ ಉತ್ತರ ಕನ್ನಂಬಾಡಿ ಕಟ್ಟೆ, ಅಂದ್ರೆ ಕೃಷ್ಣರಾಜಸಾಗರ. ಕೆಆರ್‌ಎಸ್ ಅಂದ್ರೆ ನಮಗೆ ಮಂಡ್ಯದ ಕಬ್ಬು, ಬೃಂದಾವನ, ಕುಡಿಯೋ ನೀರು ನೆನಪಾಗುತ್ತೆ. ಆದ್ರೆ ಅದರ ಮೊದಲ ಹಂತದ ಲೆಕ್ಕಾಚಾರದಲ್ಲಿ ಮುಂದೆ ನಿಂತಿದ್ದು ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮ ನೀರು ಬಿಟ್ಟು ಗಣಿಗೆ ತಪ್ಪದೆ ಕರೆಂಟು ಕೊಡೋದು. ಗಣಿ ಕಂಪನಿಗಳು ದುಡ್ಡು ಕೊಡೋ ಗಿರಾಕಿಗಳು. ಅಷ್ಟು ದೊಡ್ಡ ಖರ್ಚಿಗೆ ಹೆದರಿದವರ ಎದುರು ಇಡೋಕೆ ಇದ್ದ ಗಟ್ಟಿ ವಾದ ಅದೇ. 1911ರಲ್ಲಿ ಕೆಲಸ ಶುರುವಾಗಿ, ಮದ್ರಾಸ್ ಸರ್ಕಾರದ ಜೊತೆ ನೀರಿನ ಜಗಳ ನಡೆದು, 1924ರ ಒಪ್ಪಂದ ಆಗಿ, ಕಟ್ಟೆ ಪೂರ್ತಿಯಾಗೋ ಹೊತ್ತಿಗೆ 1930ರ ದಶಕ.

ಮಳೆಗಾಲದ ನೀರನ್ನು ಕೂಡಿಟ್ಟು ಬೇಸಿಗೆಯಲ್ಲಿ ಕರೆಂಟು ಮಾಡೋದು. ಬ್ಯಾಟರಿ ಮಾಡೋ ಕೆಲಸವೂ ಇದೇ ಅಲ್ವಾ? ಕೆಜಿಎಫ್‌ನ ಮೊದಲ ದೊಡ್ಡ ಬ್ಯಾಟರಿ ಕೆಜಿಎಫ್‌ನಲ್ಲಿರಲಿಲ್ಲ, ಕಾವೇರಿಯಲ್ಲಿತ್ತು.

ಭಾಗ 4/8: ಸೋತ ಅಲ್ಯೂಮಿನಿಯಂ, ಗೆದ್ದ ಸೋಡಿಯಂ

ಈಗ ಎರಡನೇ ಎಳೆ. 1807ರಲ್ಲಿ ಹಂಫ್ರಿ ಡೇವಿ ಕರಗಿದ ಕಾಸ್ಟಿಕ್ ಸೋಡಾದೊಳಗೆ ವಿದ್ಯುತ್ ಹರಿಸಿ ಸೋಡಿಯಂ ಲೋಹವನ್ನು ಬೇರ್ಪಡಿಸಿದ. ಕರೆಂಟು ಎಲ್ಲಿಂದ ಬಂತು? ವೋಲ್ಟಾ ಏಳು ವರ್ಷ ಮೊದಲು ಕಂಡುಹಿಡಿದಿದ್ದ ಬ್ಯಾಟರಿಯಿಂದಲೇ! ಅಂದ್ರೆ ಸೋಡಿಯಂ ಹುಟ್ಟಿದ್ದೇ ಬ್ಯಾಟರಿಯ ಮಡಿಲಲ್ಲಿ.

ಆದ್ರೆ ನೀರು ತಾಗಿದ್ರೆ ಹೊತ್ತಿಕೊಳ್ಳೋ ಈ ಲೋಹ ಯಾರಿಗೆ ಬೇಕು? 1886ರಲ್ಲಿ ಹ್ಯಾಮಿಲ್ಟನ್ ಕ್ಯಾಸ್ಟ್ನರ್ ಅನ್ನೋ ಅಮೆರಿಕನ್ ಅದನ್ನು ಅಗ್ಗವಾಗಿ ಮಾಡೋ ದಾರಿ ಹುಡುಕಿದ. ಆಗ ಅಲ್ಯೂಮಿನಿಯಂ ತೆಗೆಯೋಕೆ ಸೋಡಿಯಂ ಬೇಕಿತ್ತು. ಇಂಗ್ಲೆಂಡಿನ ಓಲ್ಡ್‌ಬರಿಯಲ್ಲಿ ಕಾರ್ಖಾನೆ ಶುರುವಾಯ್ತು. ಅದೇ ವರ್ಷ ಹಾಲ್ ಮತ್ತು ಹೆರೂ ಅನ್ನೋ ಇಬ್ಬರು ವಿದ್ಯುತ್ತಿನಿಂದಲೇ ಅಲ್ಯೂಮಿನಿಯಂ ತೆಗೆಯೋ ವಿಧಾನ ಕಂಡುಹಿಡಿದ್ರು. ಸೋಡಿಯಂ ಬೇಡವೇ ಬೇಡ. ಕೆಲವೇ ವರ್ಷದಲ್ಲಿ ಕ್ಯಾಸ್ಟ್ನರ್ ವ್ಯಾಪಾರ ಬಿದ್ದುಹೋಯ್ತು.

ಅವನನ್ನು ಉಳಿಸಿದ್ದು ಚಿನ್ನ. 1887ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸೈನೇಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯೋ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ಪುಡಿ ಮಾಡಿದ ಅದಿರಿನ ಮೇಲೆ ತೆಳು ಸೈನೇಡ್ ನೀರು ಹರಿಸ್ತಾರೆ, ಗಾಳಿಯ ಆಮ್ಲಜನಕ ಸೇರಿ ಕಣ್ಣಿಗೆ ಕಾಣದ ಚಿನ್ನವೂ ಕರಗುತ್ತೆ, ಆಮೇಲೆ ಸತುವಿನಿಂದ ಚಿನ್ನ ವಾಪಸ್ ಪಡೀತಾರೆ. ಮೊದಮೊದಲು ಇದಕ್ಕೆ ಪೊಟ್ಯಾಶಿಯಂ ಸೈನೇಡ್ ಬಳಸುತ್ತಿದ್ದರು. ಕ್ಯಾಸ್ಟ್ನರ್ ತನ್ನ ಸೋಡಿಯಂನಿಂದ ಸೋಡಿಯಂ ಸೈನೇಡ್ ಮಾಡಿದ. ಅದು ಅಗ್ಗ. ಜಗತ್ತಿನ ಗಣಿಗಳು ಅತ್ತ ತಿರುಗಿದವು.

ಸೈನೇಡ್ ವಿಧಾನ ನಮ್ಮ ಗಣಿಗೂ ಬಂತು. ಚಿನ್ನ ತೆಗೆದು ಉಳಿದ ಬೂದು ಪುಡಿಯೇ ಸೈನೇಡ್ ದಿಬ್ಬ. ಊರ ಸುತ್ತ ಅಂಥ 13 ದಿಬ್ಬ ಇವೆ, ಒಟ್ಟು ಸುಮಾರು 3.3 ಕೋಟಿ ಟನ್ ಅಂತ ಲೆಕ್ಕ. ಗಾಳಿ ಜೋರಾದ ದಿನ ಆ ಪುಡಿ ಮನೆಯೊಳಗೂ ಬರುತ್ತೆ, ನಿಮಗೇ ಗೊತ್ತು.

ಕಾಮೆಂಟಲ್ಲಿ ಕೇಳೋ ಮೊದಲೇ ಹೇಳ್ತೀನಿ: ಆ ದಿಬ್ಬದಿಂದ ಸೋಡಿಯಂ ಬ್ಯಾಟರಿ ಮಾಡೋಕೆ ಆಗಲ್ಲ. ಬ್ಯಾಟರಿಯ ಸೋಡಿಯಂ ಬರೋದು ಉಪ್ಪಿನಿಂದ, ಸೋಡಾ ಬೂದಿಯಿಂದ. ಇಲ್ಲಿ ಮುಖ್ಯ ಪಾಠ ಬೇರೆ. ಒಂದು ವಸ್ತುವಿನ ಹಣೆಬರಹ ಅದರ ಗುಣದಿಂದ ಮಾತ್ರ ಬರೆಯೋದಲ್ಲ, ಪಕ್ಕದ ವಸ್ತುವಿನ ಬೆಲೆಯಿಂದಲೂ ಬರೆಯುತ್ತೆ. ಇದನ್ನು ನೆನಪಿಟ್ಕೊಳ್ಳಿ, ಆರನೇ ಭಾಗದಲ್ಲಿ ಕೆಲಸಕ್ಕೆ ಬರುತ್ತೆ.

ಭಾಗ 5/8: ಬೆಳಗಿನ ಟ್ರೈನಿನ ಕೆಮಿಸ್ಟ್ರಿ

ಸೋಡಿಯಂ ಅಯಾನ್ ಬ್ಯಾಟರಿ ಹೇಗೆ ಕೆಲಸ ಮಾಡುತ್ತೆ? ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗೋ ಬೆಳಗಿನ ಟ್ರೈನ್ ನೆನಪಿಸಿಕೊಳ್ಳಿ. ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಂಗಾರಪೇಟೆ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿದ ಮೇಲೆ ಊರಿನ ಅರ್ಧ ಜೀವ ಆ ಟ್ರೈನಲ್ಲೇ ಇದೆ.

ಕತ್ತಲಲ್ಲೇ ಎದ್ದು ಬೆಂಗಳೂರಿಗೆ ಹೋಗೋಕೆ ತಳ್ಳು ಬೇಕು. ಅದು ಚಾರ್ಜಿಂಗ್. ಹೊರಗಿನ ಕರೆಂಟು ಸೋಡಿಯಂ ಅಯಾನುಗಳನ್ನು ಧನ ತುದಿಯಿಂದ ಹೊರಡಿಸಿ ಋಣ ತುದಿಗೆ ತಳ್ಳುತ್ತೆ. ಸಂಜೆ ಮನೆಗೆ ಬರೋಕೆ ಯಾರೂ ತಳ್ಳಬೇಕಿಲ್ಲ, ಎಲ್ರೂ ತಾವೇ ಓಡಿ ಬರ್ತಾರೆ. ಅದು ಡಿಸ್ಚಾರ್ಜ್. ಅಯಾನುಗಳು ಒಳಗಿನ ದ್ರಾವಣದ ಹಳಿ ಮೇಲೆ ಹೋದ್ರೆ, ಎಲೆಕ್ಟ್ರಾನುಗಳಿಗೆ ಆ ಟ್ರೈನಲ್ಲಿ ಟಿಕೆಟ್ ಇಲ್ಲ. ಅವು ಹೊರಗಿನ ತಂತಿಯ ರಸ್ತೆ ಹಿಡಿದು ಬರಬೇಕು. ಬರೋ ದಾರಿಯಲ್ಲಿ ನಿಮ್ಮ ಬಲ್ಬು ಉರಿಸ್ತವೆ, ಕಾರಿನ ಮೋಟಾರು ತಿರುಗಿಸ್ತವೆ.

ಲಿಥಿಯಂ ಬ್ಯಾಟರಿಯಲ್ಲೂ ಇದೇ ಆಟ. ವ್ಯತ್ಯಾಸ ಪ್ರಯಾಣಿಕರ ಗಾತ್ರದಲ್ಲಿ. ಲಿಥಿಯಂ ಸಣ್ಣಕಲು, ಪರಮಾಣು ತೂಕ ಸುಮಾರು 7. ಸೋಡಿಯಂ ದಪ್ಪ, ತೂಕ ಸುಮಾರು 23. ಲಿಥಿಯಂ ಕೂತ್ಕೊಳ್ಳೋ ಗ್ರಾಫೈಟ್ ಸೀಟಿನ ಸಂದಿಯಲ್ಲಿ ಸೋಡಿಯಂ ಸರಿಯಾಗಿ ಕೂರಲ್ಲ. ಅದಕ್ಕೆ ಬೇರೆ ಬೋಗಿ ಬೇಕಾಯ್ತು. ಅದೇ ಹಾರ್ಡ್ ಕಾರ್ಬನ್: ಪದರಗಳು ಅಡ್ಡಾದಿಡ್ಡಿ, ಮಧ್ಯೆ ಪೊಳ್ಳು ಜಾಸ್ತಿ. 2000ನೇ ಇಸವಿಯಲ್ಲಿ ಕೆನಡಾದ ಸ್ಟೀವನ್ಸ್ ಮತ್ತು ಡಾನ್ ಇದು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ತೋರಿಸಿದ್ರು.

ದಪ್ಪಗಿರೋದರಿಂದ ಒಂದು ಕಿಲೋ ಬ್ಯಾಟರಿಯಲ್ಲಿ ಹಿಡಿಯೋ ಶಕ್ತಿ ಕಡಿಮೆ. ಲಾಭಗಳೂ ಇವೆ. ಸೋಡಿಯಂ ಎಲ್ಲೆಲ್ಲೂ ಇದೆ, ಭೂಮಿಯ ಹೊರಪದರದಲ್ಲಿ ಲಿಥಿಯಂಗಿಂತ ಸಾವಿರ ಪಟ್ಟಿಗೂ ಹೆಚ್ಚು. ಋಣ ತುದಿಗೆ ತಾಮ್ರದ ಹಾಳೆ ಬದಲು ಅಗ್ಗದ ಅಲ್ಯೂಮಿನಿಯಂ ಹಾಳೆ ಸಾಕು. ಚಳಿಯಲ್ಲಿ ಅಷ್ಟಾಗಿ ಸೊರಗಲ್ಲ. ಪೂರ್ತಿ ಖಾಲಿ ಮಾಡಿ ಲಾರಿಗೆ ಹಾಕಬಹುದು, ಸಾಗಿಸೋಕೆ ಭಯ ಕಡಿಮೆ.

ನೋಡಿದ್ರಾ, ಒಂದು ಕಾಲಕ್ಕೆ ಸೋಡಿಯಂನ ಅನ್ನ ಕಿತ್ತುಕೊಂಡ ಅಲ್ಯೂಮಿನಿಯಂ ಈಗ ಅದರ ಜೊತೆಗಾರ!

ಭಾಗ 6/8: ಓಟ, ಎಡವಟ್ಟು, ಮತ್ತೆ ಓಟ

ಸೋಡಿಯಂ ಬ್ಯಾಟರಿ ಹೊಸದಲ್ಲ. 1960ರ ದಶಕದಲ್ಲೇ ಫೋರ್ಡ್ ಕಂಪನಿಯ ಸಂಶೋಧಕರು ಕಾರಿಗಾಗಿ ಸೋಡಿಯಂ ಗಂಧಕದ ಬ್ಯಾಟರಿ ಮಾಡಿದ್ರು. ಆದ್ರೆ ಅದು ಕೆಲಸ ಮಾಡೋಕೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಕಾರಿನೊಳಗೆ ಒಲೆ ಇಟ್ಕೊಂಡು ಓಡಾಡಿದ ಹಾಗೆ. 1976ರಲ್ಲಿ ಹಾಂಗ್ ಮತ್ತು ಗುಡಿನಫ್ ಸೋಡಿಯಂ ಅಯಾನು ಸಲೀಸಾಗಿ ಓಡೋ ಒಂದು ಘನ ವಸ್ತು ಕಂಡುಹಿಡಿದ್ರು, ಅದರ ಹೆಸರು ನಾಸಿಕಾನ್. ಅದೇ ಗುಡಿನಫ್ ನಾಲ್ಕು ವರ್ಷದ ನಂತರ ಲಿಥಿಯಂಗೂ ದಾರಿ ತೋರಿಸಿದ್ರು. 1991ರಲ್ಲಿ ಸೋನಿ ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ತಂದ ಮೇಲೆ ಎಲ್ಲರ ಕಣ್ಣೂ ಅತ್ತ ಹೋಯ್ತು, ಸೋಡಿಯಂ ಮೂಲೆ ಸೇರಿತು. ಲಿಥಿಯಂ ಕೆಲಸಕ್ಕೆ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೂ 2019ರಲ್ಲಿ ನೊಬೆಲ್ ಬಂತು.

ನಮ್ಮ ರಾಜ್ಯದ ಮೊದಲ ಎಲೆಕ್ಟ್ರಿಕ್ ಕಾರು ನೆನಪಿದೆಯಾ? ಬೆಂಗಳೂರಿನ ರೇವಾ. ಅದು ರಸ್ತೆಗೆ ಬಂದಿದ್ದು 2001ರಲ್ಲಿ, ನಮ್ಮ ಗಣಿ ಮುಚ್ಚಿದ ವರ್ಷವೇ. ಅದರೊಳಗಿದ್ದದ್ದು ಸೀಸದ ಬ್ಯಾಟರಿ, ಮನೆ ಇನ್ವರ್ಟರ್‌ಗೆ ಇರೋ ಜಾತಿಯದ್ದು.

ಸೋಡಿಯಂ ಮತ್ತೆ ಎದ್ದಿದ್ದು ಬೆಲೆಯಿಂದ. 2022ರ ಕೊನೆಗೆ ಚೀನಾದಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ ಸುಮಾರು 6 ಲಕ್ಷ ಯುವಾನ್ ಮುಟ್ಟಿತು. ಅದಕ್ಕೂ ಮೊದಲೇ, 2021ರಲ್ಲಿ, ಚೀನಾದ ಸಿಎಟಿಎಲ್ ಕಿಲೋಗೆ 160 ವ್ಯಾಟ್-ಅವರ್ ಹಿಡಿಯೋ ಸೋಡಿಯಂ ಸೆಲ್ ತೋರಿಸಿತ್ತು. 2021ರ ಕೊನೆಗೆ ರಿಲಯನ್ಸ್, ಇಂಗ್ಲೆಂಡಿನ ಸೋಡಿಯಂ ಕಂಪನಿ ಫಾರಾಡಿಯನ್ ಕೊಳ್ಳೋದಾಗಿ ಘೋಷಿಸಿತು. 2024ರ ಜನವರಿಯಲ್ಲಿ ಚೀನಾದಲ್ಲಿ ಸೋಡಿಯಂ ಬ್ಯಾಟರಿಯ ಸಣ್ಣ ಕಾರುಗಳು ಗಿರಾಕಿಗಳ ಕೈ ಸೇರಿದವು.

ಅಷ್ಟರಲ್ಲಿ ಲಿಥಿಯಂ ಬೆಲೆ ಕುಸಿದು ಆರನೇ ಒಂದು ಭಾಗದ ಹತ್ರ ಬಂತು. "ಅಗ್ಗ" ಅನ್ನೋ ಸೋಡಿಯಂ ವಾದ ಮೆತ್ತಗಾಯ್ತು. 2025ರ ಸೆಪ್ಟೆಂಬರ್‌ನಲ್ಲಿ ನ್ಯಾಟ್ರಾನ್ ಅನ್ನೋ ಅಮೆರಿಕದ ಸೋಡಿಯಂ ಬ್ಯಾಟರಿ ಕಂಪನಿ ಬಾಗಿಲು ಹಾಕಿತು. ಕ್ಯಾಸ್ಟ್ನರ್ ಕಥೆ ನೆನಪಾಯ್ತಾ? ಪಕ್ಕದವನ ಬೆಲೆ ಬದಲಾದ್ರೆ ನಮ್ಮ ಹಣೆಬರಹವೂ ಬದಲಾಗುತ್ತೆ.

ಆದ್ರೆ ಪ್ರಯೋಗಾಲಯಗಳು ನಿಂತಿಲ್ಲ. 2025ರಲ್ಲಿ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಆರು ನಿಮಿಷದಲ್ಲಿ ಶೇ. 80ರಷ್ಟು ಚಾರ್ಜ್ ಆಗೋ, 3,000 ಸಲಕ್ಕಿಂತ ಹೆಚ್ಚು ಬಾಳೋ ಸೋಡಿಯಂ ಅಯಾನ್ ಬ್ಯಾಟರಿಯನ್ನು ಪ್ರಕಟಿಸಿತು. ಅದರ ಅಡಿಪಾಯ 1976ರ ಅದೇ ನಾಸಿಕಾನ್ ಜಾತಿಯ ವಸ್ತು. ಪ್ರಯೋಗಾಲಯದಿಂದ ಅಂಗಡಿಗೆ ದಾರಿ ಉದ್ದ ಇರುತ್ತೆ ನಿಜ. ಆದ್ರೆ ಕೆಲಸ ನಡೀತಿರೋದು ನಮ್ಮೂರ ಟ್ರೈನ್ ಹೋಗಿ ನಿಲ್ಲೋ ಊರಲ್ಲೇ.

ಭಾಗ 7/8: ಕರೆಂಟು ಬಂದಿದ್ದು ಯಾರಿಗೆ?

ಎರಡನೇ ಭಾಗದಲ್ಲಿ ಬಿಟ್ಟ ಪ್ರಶ್ನೆ. 1902ರಲ್ಲಿ ಕರೆಂಟು "ನಮಗೆ" ಬಂತಾ?

ಬಂದಿದ್ದು ಗಣಿಗೆ. ಯಂತ್ರಕ್ಕೆ, ಕಚೇರಿಗೆ, ಸಾಹೇಬರ ಬಂಗಲೆಗೆ. ಚಿತ್ತೂರು, ಸೇಲಂ, ಆರ್ಕಾಟ್ ಕಡೆಯಿಂದ ಬಂದು ಭೂಮಿಯೊಳಗೆ ಇಳಿದ ಕೂಲಿಗಳು ಇದ್ದದ್ದು ಬಿದಿರು ತಟ್ಟಿಯ ಗುಡಿಸಲು ಸಾಲಿನಲ್ಲಿ. ತಲೆ ಮೇಲೆ ಲೈನ್ ಹೋಗ್ತಿತ್ತು, ಮನೆಯೊಳಗೆ ಸೀಮೆಎಣ್ಣೆ ಬುಡ್ಡಿ. ಕಾವೇರಿ ದಂಡೆಯ ರೈತನಿಗೂ ಅಷ್ಟೇ. ಅವನ ಹೊಳೆಯ ಶಕ್ತಿ 147 ಕಿಲೋಮೀಟರ್ ಆಚೆ ಹೋಗ್ತಿತ್ತು, ಅವನ ಹಳ್ಳಿಯಲ್ಲಿ ಕತ್ತಲು.

ಗಣಿ 3.2 ಕಿಲೋಮೀಟರ್ ಆಳಕ್ಕೆ ಹೋಯ್ತು, 800 ಟನ್ನಿಗಿಂತ ಹೆಚ್ಚು ಚಿನ್ನ ಕೊಟ್ಟಿತು. ಮುಚ್ಚಿದಾಗ ಊರಿಗೆ ಉಳಿದದ್ದು ದಿಬ್ಬ, ಖಾಲಿ ಶಾಫ್ಟು, ಬೆಳಗಿನ ಟ್ರೈನು. ಶಕ್ತಿಯ ಇತಿಹಾಸ ಬರೆಯುವಾಗ ಎಷ್ಟು ಕರೆಂಟು ಹುಟ್ಟಿತು ಅಂತ ಬರೆದ್ರೆ ಸಾಲದು. ಯಾರ ಮನೆ ದೀಪ ಹತ್ತಿತು ಅಂತಲೂ ಬರೀಬೇಕು.

ಬ್ಯಾಟರಿಗೂ ಈ ಪ್ರಶ್ನೆ ಕೇಳಬೇಕು. ಕಾರಿನಲ್ಲಿ ತೂಕ ಮುಖ್ಯ, ಹಾಗಾಗಿ ಉದ್ದ ಓಡೋ ಕಾರಿಗೆ ಲಿಥಿಯಂ ಇನ್ನೂ ಮುಂದಿದೆ. ಮನೆಯಲ್ಲಿ? ಮೂಲೆಯಲ್ಲಿ ಕೂತಿರೋ ಬ್ಯಾಟರಿ ಹತ್ತು ಕಿಲೋ ಜಾಸ್ತಿ ತೂಗಿದ್ರೆ ಯಾರಿಗೇನು ತೊಂದರೆ? ಅಲ್ಲಿ ಬೇಕಿರೋದು ಕಡಿಮೆ ಬೆಲೆ, ದೀರ್ಘ ಬಾಳಿಕೆ, ಬೆಂಕಿಯ ಭಯ ಇಲ್ಲದಿರೋದು. ಸೋಡಿಯಂಗೆ ಅತ್ಯಂತ ಒಪ್ಪೋ ಜಾಗ ಮನೆ, ಅಂಗಡಿ, ಶಾಲೆ, ಸಬ್‌ಸ್ಟೇಷನ್. 2024ರಲ್ಲಿ ಕೇಂದ್ರ ಸರ್ಕಾರ ಒಂದು ಕೋಟಿ ಮನೆಗಳ ಚಾವಣಿಗೆ ಸೋಲಾರ್ ಹಾಕೋ ಯೋಜನೆ ಶುರು ಮಾಡಿದೆ. ಚಾವಣಿ ಇದ್ದವರಿಗೆ ಅದು. ಶೀಟ್ ಹಾಕಿದ ಗಣಿ ಕ್ವಾರ್ಟರ್ಸ್‌ನಲ್ಲಿ, ಪಟ್ಟಾ ಇಲ್ಲದ ಮನೆಯಲ್ಲಿ ಇರೋವರಿಗೆ ಹೇಗೆ?

ಒಂದು ಉತ್ತರ ನನಗೆ ಹೊಳೆಯೋದು: ಬೀದಿಗೊಂದು ಬ್ಯಾಟರಿ. ಒಂದು ಶಾಲೆಯ ಚಾವಣಿಯಲ್ಲಿ ಸೋಲಾರ್, ಅದರ ಕೋಣೆಯಲ್ಲಿ ಬ್ಯಾಟರಿ, ಸಂಜೆ ಸುತ್ತಲಿನ ಮನೆಗಳಿಗೆ ಕರೆಂಟು. ಕೆಆರ್‌ಎಸ್ ಕೂಡ ಒಬ್ಬೊಬ್ಬರು ಕಟ್ಟಿಕೊಂಡಿದ್ದಲ್ಲ, ಎಲ್ಲರ ದುಡ್ಡಲ್ಲಿ ಕಟ್ಟಿದ್ದು.

ಭಾಗ 8/8: ಲೆಕ್ಕ ಇಟ್ಟುಕೊಳ್ಳೋಣ

ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಅಂದಾಜು 1,600 ಟನ್ ಲಿಥಿಯಂ ಇದೆ ಅಂತ 2021ರಲ್ಲಿ ಸರ್ಕಾರ ಹೇಳಿತು. ಜಗತ್ತಿನ ಲೆಕ್ಕದಲ್ಲಿ ಅದು ಚಿಟಿಕೆ. ನಮ್ಮ ಸೈನೇಡ್ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯೋ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ನೆಲ ಅಗೆಯೋ ಮಾತು ಬಂದಾಗೆಲ್ಲ ಊರಿನಲ್ಲಿ ಆಸೆ ಹುಟ್ಟುತ್ತೆ. ಅದು ಸಹಜ. ಅಜ್ಜಂದಿರ ಕಾಲದಿಂದ ಊಟ ಕೊಟ್ಟಿದ್ದು ನೆಲವೇ.

ಆದ್ರೆ ಸೋಡಿಯಂನಲ್ಲಿ ಒಂದು ಬೇರೆ ಥರದ ವಿಷಯ ಇದೆ. ಅದಕ್ಕೆ ಕೆಜಿಎಫ್ ಥರದ ಊರು ಬೇಕಾಗಿಲ್ಲ. ಉಪ್ಪು ಎಲ್ಲೆಡೆ ಇದೆ, ಹಾಗಾಗಿ ಅದಿರು ಇರೋ ಜಾಗಕ್ಕೆ ಜನರನ್ನು ಸಾಗಿಸಿ, ತೆಗೆದು ಮುಗಿದ ಮೇಲೆ ಬಿಟ್ಟು ಹೋಗೋ ಕಥೆ ಮತ್ತೆ ನಡೀಬೇಕಿಲ್ಲ. ಇಲ್ಲಿ ಬೆಲೆ ಇರೋದು ನೆಲದಲ್ಲಲ್ಲ, ಕೈಕೆಲಸದಲ್ಲಿ: ಕಾರ್ಬನ್ ಮಾಡೋದು, ಸೆಲ್ ಕಟ್ಟೋದು, ಪರೀಕ್ಷಿಸೋದು, ಹಳೇದನ್ನು ಬಿಚ್ಚಿ ಮರುಬಳಕೆ ಮಾಡೋದು. ಯಂತ್ರದ ಕೆಲಸ ನಮ್ಮೂರಿಗೆ ಹೊಸದಲ್ಲ. ವೈಂಡರ್ ನಡೆಸಿದವರ, ಪಂಪ್ ರಿಪೇರಿ ಮಾಡಿದವರ, ಬೆಮೆಲ್‌ನಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ನಾವು. ಆ ಕೆಲಸ ಇಲ್ಲಿಗೆ ತಾನಾಗೇ ಬರಲ್ಲ, ಕೇಳಬೇಕು, ಕಲೀಬೇಕು.

ಹಾಗಂತ ಸೋಡಿಯಂ ದೇವರಲ್ಲ. ಅದು ಗೆಲ್ಲಬಹುದು, ಲಿಥಿಯಂ ಇನ್ನೂ ಅಗ್ಗವಾದ್ರೆ ಮತ್ತೆ ಮೂಲೆ ಸೇರಬಹುದು. ಆದ್ರೆ ಕೂಡಿಡೋ ಕೆಲಸ ಮಾತ್ರ ಹೋಗಲ್ಲ. ಕನ್ನಂಬಾಡಿಯ ನೀರಾಗಲಿ, ಮೂಲೆಯಲ್ಲಿನ ಡಬ್ಬಿಯಾಗಲಿ, ಹಗಲಿನದ್ದನ್ನು ರಾತ್ರಿಗೆ, ಮಳೆಗಾಲದ್ದನ್ನು ಬೇಸಿಗೆಗೆ ಎತ್ತಿಡಲೇಬೇಕು. ಎತ್ತಿಟ್ಟದ್ದನ್ನು ಯಾರಿಗೆ ಮೊದಲು ಬಡಿಸ್ತೀವಿ ಅನ್ನೋದು ಕೆಮಿಸ್ಟ್ರಿ ಹೇಳಲ್ಲ.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ತಾತನನ್ನೋ ಅಜ್ಜಿಯನ್ನೋ ಕೇಳಿ: "ನಮ್ಮ ಮನೆಗೆ ಮೊದಲ ಬಲ್ಬು ಯಾವ ವರ್ಷ ಬಂತು?" ಊರು ಅಥವಾ ಲೈನ್ ಹೆಸರು, ವರ್ಷ, ಇಷ್ಟು ಕಾಮೆಂಟಲ್ಲಿ ಹಾಕಿ ಸಾಕು. ಮಾರಿಕುಪ್ಪಂ, ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ, ಬೇತಮಂಗಲ, ಬಂಗಾರಪೇಟೆ, ಎಲ್ಲ ಕಡೆಯಿಂದಲೂ ಬರಲಿ. ಎಲ್ಲ ಸೇರಿಸಿ ಒಂದು ನಕ್ಷೆ ಮಾಡೋಣ. 1902 ಅನ್ನೋ ವರ್ಷ ಪುಸ್ತಕದಲ್ಲಿ ಆಗಲೇ ಇದೆ. ನಮ್ಮ ಮನೆಗಳ ವರ್ಷ ಯಾರೂ ಬರೆದಿಲ್ಲ.

#ಕೆಜಿಎಫ್ #ಬಂಗಾರಪೇಟೆ #ನಮ್ಮೂರಚರಿತ್ರೆ #ಶಿವನಸಮುದ್ರ #ಸೋಡಿಯಂಬ್ಯಾಟರಿ #ಕನ್ನಡದಲ್ಲಿವಿಜ್ಞಾನ